ಹಾಲಿನ ಬಾಕಿಯಿಂದ ಅಣುಬಾಂಬಿನವರೆಗೆ: ‘ಗೆಲಿಲಿಯೋ’ ನಾಟಕದ ಅಲೆದಾಟ

ಹಾಲಿನವನ ಬಾಕಿ ತೀರಿಸಲು ಕೈಯಲ್ಲಿ ಕಾಸಿಲ್ಲದ ಮೇಷ್ಟ್ರು! ಜರ್ಮನಿಯ ಬರ್ಟೋಲ್ಟ್ ಬ್ರೆಕ್ಟ್ ಬರೆದ ‘ಗೆಲಿಲಿಯೋ’ ನಾಟಕ ಶುರುವಾಗುವುದೇ ಈ ಪೇಚಿನಿಂದ. ಭೂಮಿ ಸೂರ್ಯನ ಸುತ್ತ ತಿರುಗುತ್ತೆ ಎಂದು ಸಾಧಿಸಹೊರಟ ವಿಜ್ಞಾನಿಗೂ ಮನೆಖರ್ಚು ತಪ್ಪಿದ್ದಲ್ಲ. ಹಾಲೆಂಡಿನ ದುರ್ಬೀನಿನ ಸುದ್ದಿ ಕೇಳಿ, ಅಂಥದ್ದೇ ಒಂದು ಮಾಡಿ, ತನ್ನದೇ ಶೋಧವೆಂದು ವೆನಿಸ್ ಸರ್ಕಾರಕ್ಕೆ ದಾಟಿಸಿ ಸಂಬಳ ಏರಿಸಿಕೊಳ್ಳುತ್ತಾನೆ ಪುಣ್ಯಾತ್ಮ. ವ್ಯಾಪಾರ ಬಲ್ಲವ ಎನ್ನಿ.

ನಾಯಕನ ಪಾಡು ಇದಾದರೆ ಬರೆದವನ ಪಾಡು ಇನ್ನೂ ಕಷ್ಟ. 1933ರಲ್ಲಿ ಹಿಟ್ಲರ್ ಗದ್ದುಗೆ ಏರುತ್ತಲೇ ಬ್ರೆಕ್ಟ್ ದೇಶ ಬಿಟ್ಟ. 1938ರಲ್ಲಿ ಡೆನ್ಮಾರ್ಕಿನಲ್ಲಿ ಕೂತು ನಾಟಕ ಬರೆದ. ಮೊದಲ ಪ್ರದರ್ಶನ 1943ರ ಸೆಪ್ಟೆಂಬರ್ 9ರಂದು, ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ. ಆ ಹೊತ್ತಿಗೆ ಬರೆದವನು ಅಮೆರಿಕದಲ್ಲಿ! ತನ್ನ ನಾಟಕ ನೋಡುವ ಯೋಗವೂ ಇರಲಿಲ್ಲ ಪಾಪ.

ಅಮೆರಿಕದಲ್ಲಿ ಸಿಕ್ಕವನು ಸಿನಿಮಾ ನಟ ಚಾರ್ಲ್ಸ್ ಲಾಟನ್. ಇವನಿಗೆ ಜರ್ಮನ್ ಬಾರದು, ಅವನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಒಂದೊಂದು ಮಾತನ್ನೂ ಅಭಿನಯಿಸಿ ತೋರಿಸುತ್ತಾ ಇಂಗ್ಲಿಷಿಗೆ ಇಳಿಸಿದರು. ಆ ಕೆಲಸ ನಡೆದಿದ್ದಾಗಲೇ, 1945ರ ಆಗಸ್ಟ್ 6ರಂದು, ಹಿರೋಷಿಮಾ ಮೇಲೆ ಬಾಂಬು ಬಿತ್ತು. ನಾಟಕದ ದಿಕ್ಕೇ ಬದಲಾಯಿತು. ಮೊದಲಿನ ಗೆಲಿಲಿಯೋ ಜಾಣ. 1633ರಲ್ಲಿ ಚರ್ಚಿನ ಮುಂದೆ ತಪ್ಪೊಪ್ಪಿಕೊಂಡಂತೆ ಮಾಡಿ, ಕದ್ದು ಪುಸ್ತಕ ಬರೆದು ಗೆದ್ದವನು. ಹೊಸ ಗೆಲಿಲಿಯೋ ತನ್ನನ್ನು ತಾನೇ ಉಗಿದುಕೊಳ್ಳುತ್ತಾನೆ: ಅರಿವನ್ನು ಅಧಿಕಾರದವರ ಕೈಗೆ ಒಪ್ಪಿಸಿಬಿಟ್ಟೆನಲ್ಲಾ ಎಂದು. ಹಳೇ ಗೆಲಿಲಿಯೋನೇ ಪ್ರೇಕ್ಷಕರಿಗೆ ಹೆಚ್ಚು ಪ್ರಿಯನಾಗುತ್ತಿದ್ದನೇನೋ. ಬ್ರೆಕ್ಟ್‌ಗೆ ಅದು ಬೇಕಿರಲಿಲ್ಲ.

1947ರ ಜುಲೈ 30ರಂದು ಲಾಸ್ ಏಂಜಲೀಸ್ ಕಡೆಯ ಕೊರೊನೆಟ್ ಥಿಯೇಟರಿನಲ್ಲಿ ಆಟ ಶುರು. ನಿರ್ದೇಶಕ ಜೋಸೆಫ್ ಲೋಸಿ. 300 ಸೀಟೂ ಇಲ್ಲದ ಪುಟ್ಟ ಜಾಗ, ಮೇಲೆ ಸುಡುವ ಸೆಕೆ. ಲಾಟನ್ ಏನು ಮಾಡಿದ ಗೊತ್ತೆ? ಥಿಯೇಟರಿನ ಗೋಡೆಗೆ ಒತ್ತಿ ಮಂಜುಗಡ್ಡೆಯ ಲಾರಿಗಳನ್ನು ನಿಲ್ಲಿಸಿ, ಫ್ಯಾನು ಹಾಕಿಸಿ ಎಂದ. ಬೆವರು ಒರೆಸಿಕೊಳ್ಳುತ್ತಾ ಕೂತವರು ಯೋಚನೆ ಮಾಡುವುದು ಹೇಗೆ ಎಂಬುದು ಅವನ ಚಿಂತೆ!

ಮೂರು ತಿಂಗಳು ಕಳೆದಿತ್ತಷ್ಟೆ. ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ಬಿರುಸಾಗಿತ್ತು. ಅಕ್ಟೋಬರ್ 30ರಂದು ಬ್ರೆಕ್ಟ್‌ನನ್ನು ವಾಷಿಂಗ್ಟನ್ನಿನ ವಿಚಾರಣಾ ಸಮಿತಿ ಮುಂದೆ ಕೂರಿಸಿದರು. ಪಕ್ಷದ ಸದಸ್ಯನೇ ಎಂದು ಕೇಳಿದ್ದಕ್ಕೆ ಅಲ್ಲವೆಂದ, ಸಿಗಾರ್ ಸೇದುತ್ತಾ ವಿನಯವಾಗಿ ಉತ್ತರಿಸಿ ಪಾರಾದ. ಗೆಲಿಲಿಯೋನ ವಿಚಾರಣೆ ಬರೆದವನಿಗೇ ವಿಚಾರಣೆ! ಮರುದಿನವೇ ವಿಮಾನ ಹತ್ತಿ ಯೂರೋಪಿಗೆ. ಡಿಸೆಂಬರಿನಲ್ಲಿ ನಾಟಕ ನ್ಯೂಯಾರ್ಕ್ ತಲುಪಿ ಬರೀ 6 ಆಟ ಕಂಡಿತು. ಆಗಲೂ ಬರೆದವನು ಎದುರಿಗಿರಲಿಲ್ಲ.

ಬ್ರೆಕ್ಟ್‌ನ ಸ್ವಂತ ದೇಶದಲ್ಲಿ ಪರದೆ ಎದ್ದದ್ದು 1955ರಲ್ಲಿ, ಕಲೋನ್ ನಗರದಲ್ಲಿ. ಬರ್ಲಿನ್ನಿನ ತನ್ನ ಕಂಪನಿಯಲ್ಲೇ ಆಡಿಸಬೇಕೆಂದು ಬ್ರೆಕ್ಟ್ ತಾಲೀಮಿಗೆ ಕೂತ. ಮುಗಿಯುವ ಮೊದಲೇ, 1956ರ ಆಗಸ್ಟ್ 14ರಂದು ತೀರಿಕೊಂಡ. ಗೆಳೆಯ ಎರಿಕ್ ಎಂಗೆಲ್ ತಾಲೀಮು ಪೂರೈಸಿ 1957ರ ಜನವರಿಯಲ್ಲಿ ಆಟ ಆಡಿಸಿದ.

ಇತ್ತ ಲೋಸಿಗೂ ಅಮೆರಿಕದಲ್ಲಿ ಕೆಲಸ ಸಿಗದಂತಾಗಿ ಇಂಗ್ಲೆಂಡಿಗೆ ಹೋದ. ನಾಟಕದ ಹುಚ್ಚು ಮಾತ್ರ ಬಿಡಲಿಲ್ಲ. 1975ರಲ್ಲಿ ಅದನ್ನೇ ಸಿನಿಮಾ ಮಾಡಿದ.