ಜಡೆಯೊಳಗೊಂದು ಜಡೆ

ತಲೆಸ್ನಾನ ಮಾಡಿ, ಕೂದಲು ಆರುವ ಮೊದಲೇ ಬಿಗಿಯಾಗಿ ಹೆಣೆದು ಮಲಗಿ. ಬೆಳಿಗ್ಗೆ ಜಡೆ ಬಿಚ್ಚಿದರೆ ನೆಟ್ಟಗಿದ್ದ ಕೂದಲು ಅಲೆಅಲೆಯಾಗಿ ಇಳಿಬಿದ್ದಿರುತ್ತದೆ. ಮತ್ತೆ ನೀರು ತಾಗಿದರೆ ಅಲೆ ಮಾಯ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ನೀರು ಒಳಹೊಕ್ಕಾಗ ಅದರ ಸರಪಳಿಗಳ ನಡುವಿನ ಎಷ್ಟೋ ಹೈಡ್ರೋಜನ್ ಬಂಧಗಳು ಸಡಿಲುತ್ತವೆ. ಆರುವಾಗ ಕೂದಲು ಹೇಗೆ ಬಾಗಿದೆಯೋ ಹಾಗೆಯೇ ಹೊಸ ಬಂಧಗಳು ಕೂಡಿಕೊಳ್ಳುತ್ತವೆ.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಉದ್ದನೆಯ ಸರ. ಅದರಲ್ಲಿ ನೈಟ್ರೋಜನ್‌ಗೆ ಅಂಟಿಕೊಂಡ ಹೈಡ್ರೋಜನ್, ಎದುರಿನ ಆಕ್ಸಿಜನ್ ಕಡೆಗೂ ಸೆಳೆಯಲ್ಪಡುತ್ತದೆ. ಈ ಸೆಳೆತವೇ ಹೈಡ್ರೋಜನ್ ಬಂಧ. ಸರವನ್ನು ಕಟ್ಟಿದ ಗಟ್ಟಿ ಬಂಧಗಳ ಮುಂದೆ ಇದರ ಬಲ ತೀರಾ ಕಡಿಮೆ. ಆದರೂ ಸರ ಎಲ್ಲಿ ಸುರುಳಿಯಾಗಬೇಕು, ಎಲ್ಲಿ ಮಡಚಿಕೊಳ್ಳಬೇಕು ಎಂಬುದರಲ್ಲಿ ಇದರ ಪಾತ್ರ ದೊಡ್ಡದು.

ಇದನ್ನು ನೋಡುವ ಬಗೆ ಹೇಗೆ? ಪ್ರೋಟೀನಿನ ಹರಳಿಗೆ ಕ್ಷ-ಕಿರಣ ಹಾಯಿಸಿದರೆ ಕಿರಣಗಳು ಚದುರಿ ಚುಕ್ಕೆಗಳ ವಿನ್ಯಾಸ ಮೂಡುತ್ತದೆ. ಅದರಿಂದ ಪರಮಾಣುಗಳ ನೆಲೆಯನ್ನು ಲೆಕ್ಕ ಹಾಕಬಹುದು. ಆದರೆ ಕ್ಷ-ಕಿರಣವನ್ನು ಚದುರಿಸುವುದು ಎಲೆಕ್ಟ್ರಾನುಗಳು. ಆಕ್ಸಿಜನ್‌ಗೆ 8, ನೈಟ್ರೋಜನ್‌ಗೆ 7 ಇವೆ. ಹೈಡ್ರೋಜನ್‌ಗೆ ಇರುವುದು ಒಂದೇ, ಅದನ್ನೂ ಪಕ್ಕದ ನೈಟ್ರೋಜನ್ ತನ್ನತ್ತ ಎಳೆದುಕೊಂಡಿರುತ್ತದೆ. ಹಾಗಾಗಿ ಬಂಧಕ್ಕೆ ಹೆಸರು ಕೊಟ್ಟ ಪರಮಾಣುವೇ ಸಾಮಾನ್ಯವಾಗಿ ಚಿತ್ರದಲ್ಲಿ ಕಾಣಿಸುವುದಿಲ್ಲ. ಅದರ ಸುಳಿವು ಕೊಡುವುದು ಅಂತರ. ನೈಟ್ರೋಜನ್ ಮತ್ತು ಆಕ್ಸಿಜನ್ ಸರಿಯಾದ ದಿಕ್ಕಿನಲ್ಲಿ, ಸುಮಾರು 2.9 ಆಂಗ್‌ಸ್ಟ್ರಾಮ್ ದೂರದಲ್ಲಿ ಎದುರುಬದುರಾಗಿದ್ದರೆ ನಡುವೆ ಹೈಡ್ರೋಜನ್ ಇದೆ ಎಂದೇ ಅರ್ಥ. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್. ಇಲ್ಲಿ ದಶಾಂಶದ ಒಂದು ಅಂಕಿಗೂ ಬೆಲೆಯಿದೆ ಎಂಬುದಕ್ಕೆ ಕೂದಲಿನ ಕಥೆಯೇ ಸಾಕ್ಷಿ.

1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ ಉಣ್ಣೆಗೂ ಕೂದಲಿಗೂ ಕ್ಷ-ಕಿರಣ ಹಾಯಿಸಿದರು. 5.1 ಆಂಗ್‌ಸ್ಟ್ರಾಮಿಗೊಮ್ಮೆ ಏನೋ ಮರುಕಳಿಸುತ್ತಿದೆ ಎಂದು ಚುಕ್ಕೆಗಳು ಹೇಳಿದವು. ಏನದು ಎಂಬುದು ಮಾತ್ರ ಬಿಡಿಸಲಾಗದ ಒಗಟಾಯಿತು.

1948ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನೆಗಡಿ ಹಿಡಿದು ಮಲಗಿದ್ದ ಲೈನಸ್ ಪೌಲಿಂಗ್, ಕಾಗದದ ಮೇಲೆ ಪ್ರೋಟೀನ್ ಸರ ಬರೆದು ಅದನ್ನು ಮಡಚತೊಡಗಿದರು. ಚಿಕ್ಕ ಅಣುಗಳ ಹರಳುಗಳಿಂದ ಬಂಧಗಳ ಉದ್ದ, ಕೋನಗಳು ಅವರಿಗೆ ಚೆನ್ನಾಗಿ ಗೊತ್ತಿದ್ದವು. ಆ ಅಳತೆಗಳಲ್ಲಿ ಯಾವುದನ್ನೂ ಹಿಗ್ಗಿಸದೆ ಕುಗ್ಗಿಸದೆ ಸುತ್ತಿದಾಗ ಒಂದು ಸುರುಳಿ ಸಿಕ್ಕಿತು. ಪ್ರತಿಯೊಂದು ಆಕ್ಸಿಜನ್‌ಗೂ ನಾಲ್ಕು ಮಣಿ ಮುಂದಿನ ನೈಟ್ರೋಜನ್ ಜೊತೆ ಹೈಡ್ರೋಜನ್ ಬಂಧ. ಒಂದು ಸುತ್ತಿಗೆ ಸುಮಾರು 3.6 ಅಮೈನೋ ಆಮ್ಲ. ಸುತ್ತಿಗೆ ಪೂರ್ಣಸಂಖ್ಯೆಯೇ ಇರಬೇಕೆಂದು ಹಟ ಹಿಡಿದವರ ಕೈಗೆ ಇದು ಸಿಕ್ಕಿರಲಿಲ್ಲ. ಆದರೆ ಒಂದು ತೊಡಕು: ಸುತ್ತಿನ ಎತ್ತರ 5.4 ಬಂತು, 5.1 ಅಲ್ಲ. ಅಷ್ಟು ವ್ಯತ್ಯಾಸಕ್ಕಾಗಿ ಪೌಲಿಂಗ್ ಸುಮಾರು ಮೂರು ವರ್ಷ ತಡೆದರು. ರಾಬರ್ಟ್ ಕೋರಿ, ಹರ್ಮನ್ ಬ್ರಾನ್ಸನ್ ಜೊತೆ ಈ ಆಲ್ಫಾ ಸುರುಳಿಯನ್ನು ಪ್ರಕಟಿಸಿದ್ದು 1951ರಲ್ಲಿ.

ಅದನ್ನು ಕೇಂಬ್ರಿಜ್‌ನಲ್ಲಿ ಓದಿದ ಮ್ಯಾಕ್ಸ್ ಪೆರುಟ್ಜ್‌ಗೆ ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅವರು ಲೆಕ್ಕ ಹಾಕಿದರು: 5.4 ಅನ್ನು 3.6ರಿಂದ ಭಾಗಿಸಿದರೆ 1.5. ಸುರುಳಿ ನಿಜವಾದರೆ 1.5 ಆಂಗ್‌ಸ್ಟ್ರಾಮಿಗೆ ಹೊಂದುವ ಚುಕ್ಕೆ ಇರಲೇಬೇಕು. ಆವರೆಗೆ ಯಾರೂ ಅದನ್ನು ಕಂಡಿರಲಿಲ್ಲ, ಏಕೆಂದರೆ ಅದು ಮೂಡಬೇಕಾದರೆ ಕೂದಲನ್ನು ಕಿರಣಕ್ಕೆ ಓರೆಯಾಗಿ ಇಡಬೇಕು. ಪೆರುಟ್ಜ್ ಕುದುರೆ ಕೂದಲೊಂದನ್ನು ಓರೆಯಾಗಿಟ್ಟರು. ಲೆಕ್ಕ ಹೇಳಿದ ಜಾಗದಲ್ಲೇ ಚುಕ್ಕೆ ಮೂಡಿತು.

ಹಾಗಾದರೆ 5.1 ಎಲ್ಲಿಂದ ಬಂತು? ಫ್ರಾನ್ಸಿಸ್ ಕ್ರಿಕ್ ಮತ್ತು ಪೌಲಿಂಗ್ ಕಂಡುಕೊಂಡ ಉತ್ತರ ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವಂಥದು. ಹೆಣೆದ ಜಡೆ, ಬಿಟ್ಟ ಕೂದಲಿಗಿಂತ ಗಿಡ್ಡ. ಕೆರಾಟಿನ್‌ನಲ್ಲಿಯೂ ಸುರುಳಿಗಳು ಒಂದನ್ನೊಂದು ಸುತ್ತಿಕೊಂಡಿವೆ. ಸುತ್ತಿಕೊಂಡು ಓರೆಯಾದುದರಿಂದಲೇ ಉದ್ದಕ್ಕೆ ಅಳೆದಾಗ 5.4 ಇದ್ದದ್ದು 5.1 ಆಗಿ ಕಾಣುತ್ತದೆ. ಪೌಲಿಂಗ್ ಸುರುಳಿಯೂ ಸರಿ, ಆಸ್ಟ್‌ಬರಿ ಅಳತೆಯೂ ಸರಿ.

ಜಾನ್ ಕೆಂಡ್ರ್ಯೂ 1960ರಲ್ಲಿ ತಿಮಿಂಗಿಲದ ಮಯೋಗ್ಲೋಬಿನ್ ಹರಳಿನಲ್ಲಿ ಈ ಸುರುಳಿಯನ್ನು 2 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ತೋರಿಸಿದರು. ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ಪ್ರೋಟೀನ್ ಸರ ಯಾವ ಕೋನಗಳಲ್ಲಿ ತಿರುಗಬಹುದೆಂದು 1963ರಲ್ಲಿ ನಕ್ಷೆ ಕೊಟ್ಟವರು ಮದ್ರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಮುಂದೆ ಅವರೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನ ವಿಭಾಗ ಕಟ್ಟಿದರು. ಹೊಸ ಪ್ರೋಟೀನ್ ರಚನೆಗಳನ್ನು ಇಂದಿಗೂ ಆ ನಕ್ಷೆಗೆ ಒರೆಹಚ್ಚಿ ನೋಡುತ್ತಾರೆ.

ಈಗ ಒಂದು ಆಂಗ್‌ಸ್ಟ್ರಾಮಿಗಿಂತಲೂ ಸೂಕ್ಷ್ಮವಾದ ಚಿತ್ರಗಳಲ್ಲಿ ಕೆಲವು ಹೈಡ್ರೋಜನ್‌ಗಳು ಮಸುಕಾಗಿಯಾದರೂ ಮುಖ ತೋರಿಸುತ್ತವೆ. ಕ್ಷ-ಕಿರಣದ ಬದಲು ನ್ಯೂಟ್ರಾನ್ ಹಾಯಿಸಿದರೆ ಅದು ಎಲೆಕ್ಟ್ರಾನಿಗಲ್ಲ, ಪರಮಾಣುವಿನ ನಡುಬೀಜಕ್ಕೆ ತಾಗಿ ಚದುರುವುದರಿಂದ ಇನ್ನೂ ಚೆನ್ನಾಗಿ ಕಾಣುತ್ತವೆ. ಆದರೆ ಹೈಡ್ರೋಜನ್ ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಅದರ ಬಂಧದ ಮೇಲೆ ಸುರುಳಿ ಕಟ್ಟಲು ಸಾಧ್ಯವಾದದ್ದು ಅಕ್ಕಪಕ್ಕದ ಪರಮಾಣುಗಳ ಅಂತರವನ್ನು ಪ್ರಾಮಾಣಿಕವಾಗಿ ಅಳೆದವರಿಂದ. 5.4 ಅನ್ನು ಒತ್ತಿ 5.1 ಮಾಡಲು ಪೌಲಿಂಗ್ ಒಪ್ಪಿದ್ದರೆ, ಜಡೆಯೊಳಗಿನ ಆ ಜಡೆ ಬಹುಶಃ ಇನ್ನಷ್ಟು ಕಾಲ ಬಿಚ್ಚಿಕೊಳ್ಳುತ್ತಿರಲಿಲ್ಲ.