ಮಂಗಳ ಗ್ರಹದಿಂದ ‘ಹಲೋ’ ಬರೋಕೆ 12 ನಿಮಿಷ: ವಿಜ್ಞಾನದ ಪ್ರೇಮಕಥೆ ಬರೆಯೋರ ಕೆಲಸ ಹೇಗಿರುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಈ ವಾರದ ಸಂಚಿಕೆ ಹುಟ್ಟಿದ್ದು ಒಂದು ವಾಯ್ಸ್ ಮೆಸೇಜ್‌ನಿಂದ. ಕಳಿಸಿದವರು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಪ್ಪದವರು. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ. ಬಿ.ಎಸ್ಸಿ. ಓದಿ, ಒಂದು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡ್ತಾರೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಫೋನಲ್ಲೇ ಕಥೆ ಬರೀತಾರೆ. ಮೆಸೇಜಿನ ಹಿಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋಗೋ ಸದ್ದು. ಸಕ್ಕರೆ ಕಾರ್ಖಾನೆ ಇರೋ ಊರು ನೋಡಿ, ಕಬ್ಬು ಅರೆಯೋ ಕಾಲ ಬಂತು ಅಂದ್ರೆ ರಸ್ತೆಗೆ ನಿದ್ದೆಯೇ ಇರಲ್ಲ.

ಅವರ ಪ್ರಶ್ನೆ ಇಷ್ಟು. “ಸರ್, ನಾನು ಬರೆಯೋದು ಲವ್ ಸ್ಟೋರಿ. ಆದ್ರೆ ಅದರಲ್ಲಿ ರಾಕೆಟ್ ಇದೆ, ರೋಬೋ ಇದೆ. ವಿಜ್ಞಾನದೋರು ಇದು ಬರೀ ಪ್ರೇಮಕಥೆ ಅಂತಾರೆ. ಪ್ರೇಮಕಥೆ ಓದೋರು ಇದೇನಮ್ಮಾ ಮೇಷ್ಟ್ರ ಪಾಠ ಇದ್ದಂಗದೆ ಅಂತಾರೆ. ಇದನ್ನೇ ಕೆಲಸ ಮಾಡ್ಕೊಂಡು ಬದುಕಬಹುದಾ? ಶಾಲೆ ಬಿಟ್ಬಿಡ್ಲಾ?”

ಕೊನೆಯ ಪ್ರಶ್ನೆಗೆ ಉತ್ತರ ಕೊನೆಯಲ್ಲೇ ಹೇಳ್ತೀನಿ. ಅದಕ್ಕೂ ಮೊದಲು ಈ ಕೆಲಸ ಏನು, ಇದರಲ್ಲಿ ದುಡ್ಡು ಎಷ್ಟು, ಸಹಿ ಹಾಕೋ ಕಾಗದದಲ್ಲಿ ಏನಿರುತ್ತೆ, ಈ ಮೂರನ್ನೂ ನೋಡೋಣ.

ಎರಡೂ ಕಡೆಗೆ ಮಾತು ಕೊಡೋ ಕೆಲಸ

ಸೈ-ಫೈ ರೊಮ್ಯಾನ್ಸ್ ಬರೆಯೋರು ಇಬ್ಬರಿಗೆ ಮಾತು ಕೊಟ್ಟಿರ್ತಾರೆ. ವಿಜ್ಞಾನ ಇಷ್ಟಪಡೋ ಓದುಗರಿಗೆ, ‘ನಾನೇ ಹಾಕಿದ ನಿಯಮ ನಾನೇ ಮುರಿಯಲ್ಲ’ ಅಂತ. ಪ್ರೇಮಕಥೆ ಇಷ್ಟಪಡೋ ಓದುಗರಿಗೆ, ‘ಇವರಿಬ್ಬರನ್ನು ನಡುನೀರಲ್ಲಿ ಕೈಬಿಡಲ್ಲ’ ಅಂತ. ಅಮೆರಿಕದ ಪ್ರಣಯ ಕಾದಂಬರಿಕಾರರ ಸಂಘ ಈ ಪ್ರಕಾರಕ್ಕೆ ಹಾಕಿಕೊಂಡಿರೋ ವ್ಯಾಖ್ಯೆಯಲ್ಲಿ ಎರಡೇ ಅಂಶ: ಕಥೆಯ ಮಧ್ಯದಲ್ಲಿ ಪ್ರೀತಿ ಇರಬೇಕು, ಕೊನೆ ಮನಸ್ಸಿಗೆ ಸಮಾಧಾನ ಕೊಡುವಂತೆ, ಆಶಾದಾಯಕವಾಗಿ ಇರಬೇಕು.

ಹಾಗಾದ್ರೆ ವಿಜ್ಞಾನ ಎಲ್ಲಿ ಬರುತ್ತೆ? ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಕಥೆಯಿಂದ ವಿಜ್ಞಾನವನ್ನ ಕಿತ್ತು ಹಾಕಿ ನೋಡಿ. ಕಥೆ ಹಾಗೇ ನಿಂತಿದ್ರೆ, ನಿಮ್ಮ ರಾಕೆಟ್ಟು ಮದುವೆ ಮನೆ ಸೀರಿಯಲ್ ಸೆಟ್ ಇದ್ದಂಗೆ, ಬರೀ ಅಲಂಕಾರ. ಕಥೆ ಕುಸಿದು ಬಿದ್ದರೆ ಮಾತ್ರ ಅದು ವಿಜ್ಞಾನದ ಪ್ರೇಮಕಥೆ. ಆಡ್ರಿ ನಿಫೆನೆಗರ್ ಅವರ ‘ದಿ ಟೈಮ್ ಟ್ರಾವೆಲರ್ಸ್ ವೈಫ್’ 2003ರಲ್ಲಿ ಬಂತು. ಅದರ ನಾಯಕನಿಗೆ ಒಂದು ಆನುವಂಶಿಕ ತೊಂದರೆ. ಅವನು ಬೇಡ ಅಂದ್ರೂ ಕಾಲದಲ್ಲಿ ಹಿಂದೆ ಮುಂದೆ ಜಾರಿಹೋಗ್ತಾನೆ. ಹೆಂಡತಿ ಕಾಯ್ತಾಳೆ. ಆ ತೊಂದರೆ ತೆಗೆದರೆ ಕಾಯೋದೂ ಇಲ್ಲ, ಕಾದಂಬರಿಯೂ ಇಲ್ಲ.

ನಮ್ಮ ಹತ್ತಿರದ್ದೇ ಒಂದು ಲೆಕ್ಕ ನೋಡೋಣ. ಹುಡುಗಿ ಕೊಪ್ಪದಲ್ಲಿ, ಹುಡುಗ ಮಂಗಳ ಗ್ರಹದಲ್ಲಿ. ಅವನು ‘ಹಲೋ’ ಅಂದ್ರೆ ಅವಳಿಗೆ ಎಷ್ಟೊತ್ತಿಗೆ ಕೇಳಿಸುತ್ತೆ? ರೇಡಿಯೊ ಸಂಕೇತ ಬೆಳಕಿನ ವೇಗದಲ್ಲಿ ಹೋಗುತ್ತೆ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಮಂಗಳ ನಮಗೆ ತೀರಾ ಹತ್ತಿರ ಬಂದಾಗ ದೂರ ಸುಮಾರು 5.5 ಕೋಟಿ ಕಿಲೋಮೀಟರ್, ತೀರಾ ದೂರ ಹೋದಾಗ ಸುಮಾರು 40 ಕೋಟಿ. ಅಂದ್ರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ 3ರಿಂದ 22 ನಿಮಿಷ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಕಕ್ಷೆ ಸೇರಿದಾಗ ಬೆಂಗಳೂರಿನಲ್ಲಿದ್ದ ಇಸ್ರೋ ವಿಜ್ಞಾನಿಗಳು ಕಾದಿದ್ದೂ ಇದಕ್ಕೇ. ಆ ದಿನ ಸಂಕೇತ ಬರೋಕೆ ಸುಮಾರು 12 ನಿಮಿಷ ಬೇಕಿತ್ತು.

ಈಗ ಆ ಹುಡುಗ ಹುಡುಗಿ ಜಗಳ ಆಡಿದ್ರೆ? ಇವಳು ಸಿಟ್ಟಲ್ಲಿ ಒಂದು ಮಾತಂದ್ಲು. ಉತ್ತರ ಬರೋಕೆ 24 ನಿಮಿಷ. ಅಷ್ಟರಲ್ಲಿ ಸಿಟ್ಟು ಇಳಿದು, ‘ಅಯ್ಯೋ ಬೇಡ, ಹಾಗನ್ನಬಾರದಿತ್ತು’ ಅಂತ ಇನ್ನೊಂದು ಮಾತು ಕಳಿಸ್ತಾಳೆ. ಆದರೆ ಮೊದಲನೇದು ಆಗಲೇ ಹೊರಟುಹೋಗಿದೆ, ಅದನ್ನು ಹಿಡಿಯೋಕಾಗಲ್ಲ. ಈ ದೃಶ್ಯ ಬರೆಯೋಕೆ ಬಾಹ್ಯಾಕಾಶ ನೌಕೆಯ ವರ್ಣನೆ ಒಂದು ಸಾಲೂ ಬೇಕಿಲ್ಲ, 12 ಅನ್ನೋ ಸಂಖ್ಯೆ ಸಾಕು. ಲೇಖಕರ ಅರ್ಧ ಕೆಲಸ ಅಂಥ ಒಂದು ಸಂಖ್ಯೆ ಹುಡುಕೋದು. ಇನ್ನರ್ಧ, ಕೊನೇ ಅಧ್ಯಾಯದವರೆಗೂ ಅದನ್ನು ಮರೆಯದೇ ಇರೋದು. ಅದಕ್ಕೇ ಇಂಥ ಕಥೆ ಬರೆಯೋರು ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಕೊಂಡಿರಬೇಕು. ಯಾವ ವರ್ಷ, ಎಷ್ಟು ದೂರ, ಯಂತ್ರಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ, ಎಲ್ಲ ಅದರಲ್ಲಿರಬೇಕು. ಮೂರನೇ ಅಧ್ಯಾಯದಲ್ಲಿ 12 ನಿಮಿಷ ಅಂದು, ಹತ್ತನೇ ಅಧ್ಯಾಯದಲ್ಲಿ ಇಬ್ಬರನ್ನೂ ಫೋನಲ್ಲಿ ಹರಟೆ ಹೊಡೆಯೋಕೆ ಬಿಟ್ರೆ ಓದುಗರು ಬಿಡಲ್ಲ.

ಮಂಡ್ಯದಲ್ಲೇ ಹುಟ್ಟಿದ ಮಾದರಿ

ಇದೆಲ್ಲ ಹೊರದೇಶದ ಸರಕು, ನಮ್ಮ ಕಡೆ ಯಾರು ಹೀಗೆ ಬರೆದಿದ್ದಾರೆ ಅಂತ ಕೇಳಬಹುದು. ನನ್ನ ಪ್ರಕಾರ ಹತ್ತಿರದ ಮಾದರಿ ಮಂಡ್ಯದಲ್ಲೇ ಹುಟ್ಟಿದವರು. 1928ರಲ್ಲಿ ಹುಟ್ಟಿದ ಅನಸೂಯಾ ಶಂಕರ್, ನಾವೆಲ್ಲ ತ್ರಿವೇಣಿ ಅಂತ ಓದಿದವರು.

ತ್ರಿವೇಣಿ ರಾಕೆಟ್ ಬಗ್ಗೆ ಬರೆಯಲಿಲ್ಲ. ಅವರು ಮೈಸೂರಿನಲ್ಲಿ ಓದಿದ್ದು ಮನಃಶಾಸ್ತ್ರ. ಆ ಶಾಸ್ತ್ರವನ್ನ ಪ್ರೀತಿ, ಮದುವೆ, ಸಂಸಾರದ ಕಥೆಯ ಒಳಗೆ ತಂದರು. ‘ಶರಪಂಜರ’ದ ಕಾವೇರಿಯನ್ನ ನೆನಪು ಮಾಡಿಕೊಳ್ಳಿ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆ, ಚಿಕಿತ್ಸೆ ಮುಗಿಸಿ ಮನೆಗೆ ಬಂದರೆ ಕಾಯಿಲೆಗಿಂತ ಕಷ್ಟವಾದ ಅನುಮಾನದ ಕಣ್ಣುಗಳು. ಆ ಕಾಯಿಲೆ ತೆಗೆದುಬಿಡಿ, ಕಾದಂಬರಿ ಉಳಿಯಲ್ಲ. ನಾನು ಆಗ ಹೇಳಿದ ಪರೀಕ್ಷೆಯಲ್ಲಿ ತ್ರಿವೇಣಿ ಪಾಸು. ವಿಜ್ಞಾನ ಅಂದ್ರೆ ಆಕಾಶವೇ ಆಗಬೇಕು ಅಂತಿಲ್ಲ, ಮನಸ್ಸೂ ಆಗಬಹುದು.

ಕನ್ನಡದಲ್ಲಿ ಬೇರೆ ದಾರಿಗಳೂ ಇವೆ. ರಾಜಶೇಖರ ಭೂಸನೂರಮಠ ಅವರು ವೈಜ್ಞಾನಿಕ ಕಥೆಗಳನ್ನೇ ಕೈಗೆತ್ತಿಕೊಂಡು ಬರೆದವರು. ತೇಜಸ್ವಿಯವರ ‘ಕರ್ವಾಲೊ’ 1980ರದು. ಹಾರುವ ಓತಿಯ ಹುಡುಕಾಟವೂ ಮಂದಣ್ಣನ ಮದುವೆಯ ಪಡಿಪಾಟಲೂ ಅದರಲ್ಲಿ ಒಟ್ಟಿಗೇ ಸಾಗುತ್ತವೆ. ಇನ್ನು ಸಿನಿಮಾಕ್ಕೆ ಬಂದ್ರೆ, ಉಪೇಂದ್ರ ಅಭಿನಯದ ‘ಹಾಲಿವುಡ್’ 2002ರಲ್ಲೇ ತೆರೆಗೆ ಬಂತು, ಪ್ರೀತಿಯ ಗಲಾಟೆಯಲ್ಲಿ ರೋಬೋನೂ ಇತ್ತು. ತಮಿಳಿನ ‘ಎಂದಿರನ್’ ಬಂದಿದ್ದು 2010ರಲ್ಲಿ.

ಹಗಲು ಒಂದು ಕೆಲಸ, ರಾತ್ರಿ ಒಂದು ಕೆಲಸ

‘ಎಂದಿರನ್’ ಅಂದ್ರೆ ಸುಜಾತಾ ನೆನಪಾಗ್ತಾರೆ. ಆ ಚಿತ್ರಕ್ಕೆ ಸಂಭಾಷಣೆ ಬರೆದವರಲ್ಲಿ ಅವರೂ ಒಬ್ಬರು. ತಮಿಳಿನ ಜನಪ್ರಿಯ ಲೇಖಕ, ನಿಜ ಹೆಸರು ಎಸ್. ರಂಗರಾಜನ್. ‘ಸುಜಾತಾ’ ಅನ್ನೋದು ಅವರ ಹೆಂಡತಿಯ ಹೆಸರು. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಏನಂದ್ರೆ, ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದು ನಮ್ಮ ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ. ವಿದ್ಯುನ್ಮಾನ ಮತಯಂತ್ರ ತಯಾರಿಯಲ್ಲಿ ಅವರ ಪಾತ್ರ ದೊಡ್ಡದು. ಹಗಲು ಮತಯಂತ್ರ, ಬಿಡುವಿನಲ್ಲಿ ರೋಬೋ ನಾಯಿಯ ಕಥೆ.

ಪಟ್ಟಿ ಇಲ್ಲಿಗೆ ನಿಲ್ಲಲ್ಲ. ಕೆ.ಎನ್. ಗಣೇಶಯ್ಯ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ, ಪ್ರಾಧ್ಯಾಪಕರಾಗಿದ್ದವರು. ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದವರು. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಕಪ್ಪುರಂಧ್ರದ ಬಗ್ಗೆ ಕಥೆ ಕಳಿಸಿದ್ದು ಬೇರೆ ಹೆಸರಲ್ಲಿ. ಅಕ್ಷರ ನೋಡಿ ಗುರುತು ಹಿಡಿದಾರು ಅಂತ ಹೆಂಡತಿಯಿಂದ ಪ್ರತಿ ಮಾಡಿಸಿದ್ದರು. ಬಹುಮಾನ ಬಂತು.

ಮನೆಯಲ್ಲಿ ಗೊತ್ತಾದ್ರೆ ಏನಂದುಕೊಳ್ತಾರೋ ಅನ್ನೋ ಭಯ ನಮ್ಮ ಕೇಳುಗರಿಗೂ ಇದೆ. ಕಾವ್ಯನಾಮ ಅವಮಾನ ಅಲ್ಲ, ಹಳೇ ಪದ್ಧತಿ. ಹೆಣ್ಣು ಮಕ್ಕಳೂ ಇಟ್ಕೊಂಡರು, ಗಂಡಸು ಹೆಂಡತಿ ಹೆಸರೂ ಇಟ್ಕೊಂಡ, ವಿಜ್ಞಾನಿಯೂ ಇಟ್ಕೊಂಡರು.

ದುಡ್ಡಿನ ಲೆಕ್ಕ

ಒಂದು ಕಾದಂಬರಿ 60,000 ಪದ ಅಂದ್ಕೊಳ್ಳಿ. ದಿನಕ್ಕೆ 500 ಪದ ಬರೆದ್ರೆ 120 ದಿನ. ಪರೀಕ್ಷೆ, ಹಬ್ಬ, ಮದುವೆ, ಜ್ವರ ಎಲ್ಲ ಸೇರಿಸಿದ್ರೆ ಆರು ತಿಂಗಳು. ತಿದ್ದೋಕೆ ಇನ್ನೆರಡು ತಿಂಗಳು. ಒಟ್ಟು ಎಂಟು.

ಪುಸ್ತಕದ ಬೆಲೆ 200 ರೂಪಾಯಿ, ಗೌರವಧನ ಶೇ 10, ಸಾವಿರ ಪ್ರತಿ ಪೂರ್ತಿ ಮಾರಾಟ ಆಯ್ತು ಅಂತಲೇ ಇಟ್ಕೊಳ್ಳಿ. ಕೈಗೆ ಬರೋದು 20,000 ರೂಪಾಯಿ. ಎಂಟು ತಿಂಗಳಿಗೆ ಹಂಚಿದ್ರೆ ತಿಂಗಳಿಗೆ 2,500. ಅದೂ ಪುಸ್ತಕ ಮಾರಾಟ ಆದ ಮೇಲೆ. ಕಾರ್ಖಾನೆಗೆ ಕಬ್ಬು ಹಾಕಿ ಬಿಲ್ಲಿಗೆ ಕಾಯೋದು ಹೇಗಂತ ಕೊಪ್ಪದವರಿಗೆ ನಾನು ಹೇಳಿಕೊಡಬೇಕಿಲ್ಲ. ಇದೂ ಅಂಥದ್ದೇ.

ಮೊದಲು ವಾರಪತ್ರಿಕೆಗಳಿದ್ದವು. 1965ರಲ್ಲಿ ಶುರುವಾದ ‘ಸುಧಾ’ದಂಥ ಪತ್ರಿಕೆಗಳಲ್ಲಿ ಧಾರಾವಾಹಿ ಬಂದ್ರೆ ಪುಸ್ತಕ ಆಗೋ ಮೊದಲೇ ಓದುಗರು ಸಿಗ್ತಿದ್ದರು. ಆ ಜಾಗಕ್ಕೆ ಈಗ ಫೋನ್ ಬಂದಿದೆ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕನ್ನಡದ ಧಾರಾವಾಹಿಗಳು ಕಂತು ಕಂತಾಗಿ ಬರ್ತವೆ. ಅಮೆರಿಕದಲ್ಲೂ ದಾರಿ ಇದೇ. ರೂಬಿ ಡಿಕ್ಸನ್ ಅನ್ನೋ ಹೆಸರಲ್ಲಿ ಬರೆಯೋ ಲೇಖಕಿ ‘ಐಸ್ ಪ್ಲಾನೆಟ್ ಬಾರ್ಬೇರಿಯನ್ಸ್’ ಅನ್ನ 2015ರಲ್ಲಿ ತಾವೇ ಕಂತುಗಳಾಗಿ ಇ-ಪುಸ್ತಕದಲ್ಲಿ ಹೊರತಂದರು. ದೊಡ್ಡ ಪ್ರಕಾಶನ ಸಂಸ್ಥೆ ಅದನ್ನು ಅಚ್ಚು ಹಾಕಿದ್ದು 2021ರಲ್ಲಿ. ನಡುವೆ ಆರು ವರ್ಷ. ಆ ವರ್ಷಗಳಲ್ಲಿ ಅವರು ಒಂದೇ ಪುಸ್ತಕ ಹಿಡ್ಕೊಂಡು ಕಾಯ್ತಾ ಕೂರಲಿಲ್ಲ, ಅದೇ ಲೋಕದ ಮುಂದಿನ ಕಥೆಗಳನ್ನ ಬರೀತಾ ಹೋದರು.

ಕಂತಿನ ಬರವಣಿಗೆಗೆ ಒಂದು ಅಪಾಯ ಇದೆ. ಪ್ರತಿ ಕಂತಿನ ಕೊನೆಗೆ ಓದುಗರನ್ನ ತುದಿಗಾಲಲ್ಲಿ ನಿಲ್ಲಿಸಬೇಕು ಅಂತ ಹೊರಟು, ಹಾಕಿದ ನಿಯಮವನ್ನೇ ಮುರಿಯೋ ಆಸೆ ಬರುತ್ತೆ. ಪ್ರಕಟಿಸೋ ಮೊದಲು ನಾಲ್ಕೈದು ಕಂತು ಕೈಯಲ್ಲಿ ಇಟ್ಕೊಂಡಿದ್ರೆ ಆ ಆಸೆ ತಡೀಬಹುದು. ಜ್ವರ ಬಂದ ವಾರಕ್ಕೂ ಅದು ಆಗುತ್ತೆ.

ಸಹಿ ಹಾಕೋ ಮುಂಚೆ

ಈ ಭಾಗ ಗಮನ ಇಟ್ಟು ಕೇಳಿ. ಹೊಸಬರು ಕಳೆದುಕೊಳ್ಳೋದು ಹೆಚ್ಚಾಗಿ ಇಲ್ಲೇ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಹಕ್ಕನ್ನು ಬೇರೆಯವರಿಗೆ ವಹಿಸಿಕೊಡೋದು ಬರವಣಿಗೆಯಲ್ಲೇ ಆಗಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ರೆ ಐದು ವರ್ಷಕ್ಕೆ ಅಂತ ಅರ್ಥ. ಯಾವ ಪ್ರದೇಶಕ್ಕೆ ಅಂತ ಬರೆದಿಲ್ಲದಿದ್ರೆ ಭಾರತಕ್ಕೆ ಮಾತ್ರ. ಅದಕ್ಕೇ ‘ಎಲ್ಲಾ ಹಕ್ಕು, ಶಾಶ್ವತವಾಗಿ’ ಅನ್ನೋ ಸಾಲು ಕಂಡ್ರೆ ನಿಲ್ಲಿ. ಅಚ್ಚಿನ ಪುಸ್ತಕ, ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಎಲ್ಲ ಬೇರೆ ಬೇರೆ ಹಕ್ಕು. ಒಂದನ್ನ ಕೊಟ್ಟು ನಾಲ್ಕನ್ನ ಇಟ್ಕೊಳ್ಳಬಹುದು. ಆ್ಯಪ್‌ನಲ್ಲಿ ‘ಒಪ್ಪುತ್ತೇನೆ’ ಅಂತ ಒತ್ತೋ ಮುಂಚೆಯೂ ನಿಯಮಗಳನ್ನ ಪೂರ್ತಿ ಓದಿ.

ಇದು ಯಾಕೆ ಮುಖ್ಯ ಅಂದ್ರೆ, ಮತ್ತೆ ತ್ರಿವೇಣಿಯವರ ಹತ್ತಿರ ಬರಬೇಕು. ಅವರ ಮೊದಲ ಕಾದಂಬರಿ ‘ಅಪಸ್ವರ’ ಬಂದಿದ್ದು 1953ರಲ್ಲಿ. ತೀರಿಕೊಂಡಿದ್ದು 1963ರ ಜುಲೈ 29ರಂದು, ಇನ್ನೂ 34ರ ವಯಸ್ಸು. ನಡುವೆ ಬರೀ ಹತ್ತು ವರ್ಷ. ಅಷ್ಟರಲ್ಲಿ ಇಪ್ಪತ್ತು ಕಾದಂಬರಿ ಬರೆದರು. ಪುಟ್ಟಣ್ಣ ಕಣಗಾಲ್ ‘ಬೆಳ್ಳಿ ಮೋಡ’, ‘ಶರಪಂಜರ’ ಸಿನಿಮಾ ಮಾಡಿದ್ದು ಅವರು ಹೋದ ಮೇಲೆ. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಇರೋದು ಲೇಖಕರ ಜೀವಿತಕಾಲ, ಅದರ ಮೇಲೆ 60 ವರ್ಷ. ಅಂದ್ರೆ ಅವರು ಬದುಕಿದ್ದಾಗ ಪ್ರಕಟವಾದ ಪುಸ್ತಕಗಳಿಗೆ 2023ರ ಡಿಸೆಂಬರ್ ಕೊನೆಯವರೆಗೂ ರಕ್ಷಣೆ ಇತ್ತು. ಹತ್ತು ವರ್ಷದ ಬರವಣಿಗೆಗೆ, ಲೇಖಕಿ ಹೋದ ಮೇಲೂ ಅರವತ್ತು ವರ್ಷ. ಇವತ್ತು 20,000 ರೂಪಾಯಿಯ ಆಸೆಗೆ ಸಹಿ ಹಾಕಿದ್ರೆ ಹೋಗೋದು ಆ ಅರವತ್ತು ವರ್ಷ.

ಶಾಲೆ ಬಿಡ್ಲಾ?

ಮೇಡಂ, ಬಿಡಬೇಡಿ. ಇವತ್ತಿಗಂತೂ ಬೇಡ. ಸಂಬಳ ಬರ್ತಾ ಇದ್ರೆ ‘ಇಲ್ಲ, ಈ ಕರಾರು ನನಗೆ ಬೇಡ’ ಅನ್ನೋ ಧೈರ್ಯ ಇರುತ್ತೆ. ಇನ್ನೊಂದು ಕಾರಣಾನೂ ಇದೆ. ನಿಮ್ಮ ಶಾಲೆಯ ಮಕ್ಕಳು ‘ಮಿಸ್, ಹಂಗಾದ್ರೆ ಹಿಂಗ್ಯಾಕಾಗಲ್ಲ?’ ಅಂತ ಕೇಳ್ತಾರಲ್ಲ, ಅಷ್ಟು ಖಡಕ್ ಸಂಪಾದಕರು ನಿಮಗೆ ಬೇರೆಲ್ಲೂ ಸಿಗಲ್ಲ.

ಕಥೆಗೂ ದೂರ ಹೋಗಬೇಕಿಲ್ಲ. ಮದ್ದೂರು, ಮಳವಳ್ಳಿ ಕಡೆ ನಾಲೆಯ ಕೊನೇ ಭಾಗದ ರೈತರಿಗೆ ನೀರು ತಲುಪೋ ಕಷ್ಟ ನಿಮಗೆ ಗೊತ್ತು. 2075ರಲ್ಲಿ ಯಾವ ತೂಬು ಯಾವಾಗ ಎತ್ತಬೇಕು ಅಂತ ಒಂದು ಯಂತ್ರ ತೀರ್ಮಾನ ಮಾಡ್ತಿದೆ ಅಂದ್ಕೊಳ್ಳಿ. ಆ ಯಂತ್ರಕ್ಕೆ ಲೆಕ್ಕ ಕಲಿಸಿದವಳು ನಾಲೆಯ ಮೇಲ್ಭಾಗದ ಹುಡುಗಿ. ಅವಳು ಇಷ್ಟಪಟ್ಟ ಹುಡುಗನ ಗದ್ದೆ ಕೊನೇ ಭಾಗದಲ್ಲಿ, ಒಣಗ್ತಾ ಇದೆ. ಲೆಕ್ಕ ಸರಿಯಾಗೇ ಇದೆ, ಗದ್ದೆ ಮಾತ್ರ ಒಣಗ್ತಿದೆ. ಅವಳೇನು ಮಾಡ್ತಾಳೆ?

ಯಂತ್ರ ತೆಗೆದ್ರೆ ಈ ಕಥೆ ನಿಲ್ಲಲ್ಲ, ಪ್ರೀತಿ ತೆಗೆದ್ರೂ ನಿಲ್ಲಲ್ಲ. ಇದನ್ನ ನೀವೇ ಬರೀಬೇಕು ಅಂತಿಲ್ಲ, ಆದ್ರೆ ಇಂಥದ್ದು ಬರೆಯೋಕೆ ಕೊಪ್ಪದವರಿಗಿಂತ ಹತ್ತಿರದಲ್ಲಿ ಇರೋರು ಯಾರಿದ್ದಾರೆ?

ಇವತ್ತು ರಾತ್ರಿ 500 ಪದ ಬರೀರಿ. ಮೊದಲ ಕಂತು ಮುಗಿದಾಗ ಇನ್ನೊಂದು ಮೆಸೇಜ್ ಕಳಿಸಿ, ಕಾವ್ಯನಾಮದಲ್ಲೇ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ, ನಮಸ್ಕಾರ.