ಅಕ್ಕಡಿ ಸಾಲಿನ ಲೆಕ್ಕ

ಬಯಲುಸೀಮೆಯ ರಾಗಿ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಸಾಲು. ಇದೇ ಅಕ್ಕಡಿ. ನೋಡೋಕೆ ಕಲಸುಮೇಲೋಗರ, ನೆಲದೊಳಗೆ ಮಾತ್ರ ಕೆಲಸ ಹಂಚಿಕೊಂಡೇ ನಡೆಯುತ್ತೆ. ರಾಗಿ ಬೇರು ಮೇಲ್ಮಣ್ಣಿನ ತೇವ ಹೀರಿದರೆ ತೊಗರಿಯ ತಾಯಿಬೇರು ಆಳಕ್ಕಿಳಿಯುತ್ತೆ. ಅದರ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುತ್ತೆ. ರಾಗಿ ಕೊಯ್ದ ಮೇಲೂ ತೊಗರಿ ನಿಂತಿರುತ್ತೆ. ಹಿಂಗಾರಿನ ಒಂದೆರಡು ಹದಮಳೆ ಸಿಕ್ಕರೆ ಕಾಯಿ ತುಂಬುತ್ತೆ.

ಒಂದೇ ಬೆಳೆ ಹಾಕಿದರೆ ಇಳುವರಿ ಜಾಸ್ತಿ ಅಲ್ವಾ? ಒಳ್ಳೆ ಮಳೆಯ ವರ್ಷ, ರಾಗಿಯೊಂದನ್ನೇ ತೂಗಿದರೆ, ಹೌದು. ಆದರೆ ಮಳೆ ನಂಬಿದ ರೈತನ ಪ್ರಶ್ನೆಯೇ ಬೇರೆ: ಎಷ್ಟು ವರ್ಷಕ್ಕೊಮ್ಮೆ ಕೈ ಸುಡುತ್ತೆ? ಹಲವಾರು ಜೋಳ–ತೊಗರಿ ಪ್ರಯೋಗಗಳನ್ನು ಒಟ್ಟುಗೂಡಿಸಿ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು 1980ರಲ್ಲಿ ಕೊಟ್ಟ ಲೆಕ್ಕ ನೋಡಿ. ಆದಾಯ ಒಂದು ಮಟ್ಟಕ್ಕಿಂತ ಕುಸಿಯೋದು ತೊಗರಿ ಒಂದೇ ಇದ್ದರೆ 5 ವರ್ಷಕ್ಕೊಮ್ಮೆ, ಜೋಳ ಒಂದೇ ಇದ್ದರೆ 8 ವರ್ಷಕ್ಕೊಮ್ಮೆ, ಎರಡೂ ಕೂಡಿದರೆ 36 ವರ್ಷಕ್ಕೊಮ್ಮೆ! ಇನ್ನು, ಅಕ್ಕಡಿಗೆ ಆಳು ಜಾಸ್ತಿ ಬೇಕು ಅನ್ನೋ ತಕರಾರು. ಅದು ನಿಜ, ಕೂಲಿ ದುಬಾರಿಯಾದ ಈ ಕಾಲದಲ್ಲಿ ಸಣ್ಣ ಮಾತೂ ಅಲ್ಲ. ಅದಕ್ಕೇ ಬೀಜ ಬೆರೆಸಿ ಎರಚೋ ಬದಲು 8 ಸಾಲು ರಾಗಿಗೆ 2 ಸಾಲು ತೊಗರಿ ಬಿತ್ತಿ. ಕುಂಟೆ ಹೊಡೆಯೋದೂ ಸಲೀಸು, ರಾಗಿಯನ್ನು ಬೇರೆಯಾಗಿ ಕೊಯ್ಯೋದೂ ಸಲೀಸು.